ಗುಜರಿಯ ಬಿಡಿಭಾಗಗಳಿಂದ ಒಂದು ಟ್ರಕ್ಕಿನ ಮರುಹುಟ್ಟು

(ನಮ್ಮ ಕನ್ನಡ ಕೂಟದ ಸಭೆಯಲ್ಲಿ ವೈದ್ಯರೊಬ್ಬರು ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬಂದೀತೆಂದು ತಾವು ನಿರೀಕ್ಷಿಸಿರಬಹುದು. ಇಂದು ಆ ಉಪದೇಶದಿಂದ ತಮಗೆ ಬಿಡುಗಡೆ. ಕಳೆದ ಎರಡು ವರ್ಷಗಳ ಶನಿವಾರಗಳಲ್ಲಿ ನಾವು ಮೂರು ಮನೆಯವರು, ಹೈಸ್ಕೂಲಿನಲ್ಲಿ ಓದುವ ಮಕ್ಕಳೊಡನೆ ಕೂಡಿ, 1951ರ ವಿಲ್ಲೀಸ್ ಪಿಕಪ್ ಟ್ರಕ್ಕೊಂದನ್ನು ಮತ್ತೆ ರಸ್ತೆಗಿಳಿಸಿದ ಬಗೆಯನ್ನು ನಿವೇದಿಸಿಕೊಳ್ಳುತ್ತೇವೆ.

ಈ ವಾಹನದ ತವರು ಒಹಾಯೊ ರಾಜ್ಯದ ಟೊಲೀಡೊ ನಗರ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಜೀಪಿನ ವಂಶದಲ್ಲೇ ಹುಟ್ಟಿದ ಈ ನಾಲ್ಕು ಚಕ್ರ ಚಾಲನೆಯ ಪಿಕಪ್ 1947ರಿಂದ 1965ರವರೆಗೆ ತಯಾರಾಯಿತು. ನಮ್ಮ ಟ್ರಕ್ಕಿನಲ್ಲಿರುವುದು ‘ಹರಿಕೇನ್’ ಎಂಬ, 134 ಘನ ಅಂಗುಲದ, ನಾಲ್ಕು ಸಿಲಿಂಡರಿನ ಎಂಜಿನ್. ಇದೇ ಎಂಜಿನ್ ಮಹೀಂದ್ರ ಕಂಪನಿಯು ಭಾರತದಲ್ಲಿ ತಯಾರಿಸಿದ ಜೀಪುಗಳಲ್ಲಿಯೂ ಇತ್ತು. ಮಲೆನಾಡಿನ ತೋಟದ ದಾರಿಗಳಲ್ಲಿ, ತಾಲ್ಲೂಕು ಕಚೇರಿಯ ಮುಂದೆ ಆ ಜೀಪುಗಳನ್ನು ಕಂಡು ಬೆಳೆದವರಿಗೆ ಇದರ ಸದ್ದು ಪರಕೀಯವಲ್ಲ.

ಹಳೆಯ ವಾಹನವನ್ನು ಕೊಳ್ಳುವವರು ಮೊದಲು ಬಣ್ಣವನ್ನು ನೋಡುತ್ತಾರೆ, ನೋಡಬೇಕಾದದ್ದು ಚಾಸಿಯನ್ನು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಟ್ರಕ್ಕುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಘಣಘಣಿಸುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ನಮ್ಮ ವಿದ್ಯೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಹೀಗೆ ತಟ್ಟಿ ಕಂಡುಹಿಡಿದ ಎರಡು ಕಡೆ ಕೊಳೆತ ಭಾಗವನ್ನು ಕತ್ತರಿಸಿ, ವೃತ್ತಿನಿರತ ವೆಲ್ಡರ್ ಒಬ್ಬರಿಂದ ಹೊಸ ಉಕ್ಕನ್ನು ಬೆಸೆಸಿದೆವು.

ಬಳಿಕ ಬಂದದ್ದು ಬದಲಿ ಅಂಗಗಳ ಪ್ರಶ್ನೆ. ಹಿಂದಿನ ಆಕ್ಸಲ್ ಪೂರ್ತಿ ಸವೆದಿತ್ತು. ಗುಜರಿಯಲ್ಲಿ ಅಳತೆಗೆ ಹೊಂದುವ ಆಕ್ಸಲ್ ಒಂದು ಕೂಡಲೇ ದೊರೆಯಿತು, ಬೆಲೆಯೂ ಅಗ್ಗ. ಆದರೆ ಅದನ್ನು ಜೋಡಿಸುವ ಮುನ್ನ ಮಕ್ಕಳಿಂದ ಒಂದು ಪರೀಕ್ಷೆ ಮಾಡಿಸಿದೆವು. ಚಕ್ರಗಳೆರಡನ್ನೂ ಒಟ್ಟಿಗೆ ಹತ್ತು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ತುದಿ ಎಷ್ಟು ಸುತ್ತು ತಿರುಗಿತೆಂದು ಸೀಮೆಸುಣ್ಣದ ಗುರುತಿನಿಂದ ಎಣಿಸುವುದು. ನಮ್ಮ ಮುಂದಿನ ಆಕ್ಸಲಿನಲ್ಲಿ ಸುಮಾರು 54 ಸುತ್ತು; ಗುಜರಿಯದರಲ್ಲಿ ಸುಮಾರು 49. ಅಂದರೆ ಮುಂದಿನದರ ಅನುಪಾತ 5.38, ಹಿಂದಿನದರದು 4.89.

ಈ ಅಲ್ಪ ವ್ಯತ್ಯಾಸದಿಂದ ಏನು ಕೆಡುತ್ತದೆಂದು ತಾವು ಕೇಳಬಹುದು. ಈ ಟ್ರಕ್ಕಿನಲ್ಲಿ ನಾಲ್ಕು ಚಕ್ರಗಳ ಚಾಲನೆಗೆ ಸನ್ನೆ ಎಳೆದ ಕೂಡಲೇ ಮುಂದಿನ ಮತ್ತು ಹಿಂದಿನ ಶಾಫ್ಟುಗಳೆರಡೂ ಒಂದಕ್ಕೊಂದು ಬಿಗಿದು, ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಕ್ರಮಿಸುವ ದಾರಿ ತುಸು ಹೆಚ್ಚು. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಜಾರಲಾರದೆ ಗೇರುಗಳು ಬಿಗಿಯುತ್ತವೆ. ಅನುಪಾತಗಳೇ ಬೇರೆಯಾದರಂತೂ ನೇರ ದಾರಿಯಲ್ಲಿಯೂ ಮುಂದು ಹಿಂದುಗಳ ಜಗಳ ನಿಲ್ಲದು; ಕೊನೆಗೆ ಯಾವುದೋ ಒಂದು ಮುರಿಯುತ್ತದೆ. ರಕ್ತದ ಗುಂಪು ನೋಡದೆ ರಕ್ತ ಕೊಡುವುದುಂಟೇ? ಆ ಆಕ್ಸಲನ್ನು ಅಲ್ಲಿಯೇ ಬಿಟ್ಟು, 43 ಹಲ್ಲಿನ ದೊಡ್ಡ ಗೇರೂ 8 ಹಲ್ಲಿನ ಪಿನಿಯನ್ನೂ ಇದ್ದ ಇನ್ನೊಂದನ್ನು ಮೂರನೆಯ ಗುಜರಿಯಲ್ಲಿ ಹುಡುಕಿ ತಂದೆವು.

ಇನ್ನು ನಮ್ಮಲ್ಲಿ ವಾಗ್ವಾದಕ್ಕೆ ಕಾರಣವಾದ ವಿಷಯ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ತಿದ್ದಿದರೆ ಅದು ಪುನರುದ್ಧಾರವಾಗದು ಎಂದು ಮಿತ್ರರೊಬ್ಬರು ಹಟ ಹಿಡಿದರು. ಅವರ ಮಾತಿನಲ್ಲಿ ಹುರುಳಿತ್ತು. ಆದರೆ ಈ ಟ್ರಕ್ಕು ವಸ್ತುಸಂಗ್ರಹಾಲಯದಲ್ಲಿ ನಿಲ್ಲುವುದಿಲ್ಲ. ಹದಿನಾರು ತುಂಬಿದ ನಮ್ಮ ಮಕ್ಕಳೇ ಇದನ್ನು ನಡೆಸುವವರು. ಮೂಲ ವಿನ್ಯಾಸದಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಸೇರಿ ಎಣ್ಣೆಯ ಮಾರ್ಗ ಒಂದೇ. ಎಲ್ಲಿಯೋ ಒಂದು ಕೊಳವೆ ಒಡೆದರೆ ಪೆಡಲು ನೆಲ ಮುಟ್ಟುತ್ತದೆ, ಟ್ರಕ್ಕು ನಿಲ್ಲುವುದಿಲ್ಲ. ಸೀಟ್ ಬೆಲ್ಟ್ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಇಬ್ಭಾಗದ ಬ್ರೇಕ್ ವ್ಯವಸ್ಥೆಯೂ ಸೀಟ್ ಬೆಲ್ಟುಗಳೂ ಕಡ್ಡಾಯವಾದದ್ದು 1968ರಲ್ಲಿ. ಬೆಲ್ಟ್ ಕಟ್ಟದವರ ಎದೆ ಸ್ಟಿಯರಿಂಗಿಗೆ ಅಪ್ಪಳಿಸಿದಾಗ ಏನಾಗುವುದೆಂಬುದನ್ನು ರೆಸಿಡೆನ್ಸಿಯ ರಾತ್ರಿ ಪಾಳಿಗಳಲ್ಲಿ ಕಂಡ ನಾವು, ಈ ವಿಷಯದಲ್ಲಿ ಮಾತ್ರ ರಾಜಿಗೆ ಒಪ್ಪಲಿಲ್ಲ.

ಆದುದರಿಂದ ಕೂಡಿ ಒಂದು ನಿಯಮ ಮಾಡಿಕೊಂಡೆವು. ಬಾಗಿಲು, ಬಾನೆಟ್, ಆಕ್ಸಲ್, ಗೇರ್ ಪೆಟ್ಟಿಗೆ ಇವು ಗುಜರಿಯಿಂದ ಬರಬಹುದು. ಬ್ರೇಕಿನ ಕೊಳವೆ, ಮಾಸ್ಟರ್ ಸಿಲಿಂಡರ್, ಬೆಲ್ಟ್, ಟೈರು ಇವು ಹೊಸವೇ ಆಗಬೇಕು. ಇವುಗಳ ಮುಪ್ಪು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಬ್ರೇಕಿನ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ದೂಳನ್ನು ಗಾಳಿಯಿಂದ ಊದಬಾರದು, ಒಣಬಟ್ಟೆಯಿಂದ ಝಾಡಿಸಲೂಬಾರದು. ಒದ್ದೆ ಮಾಡಿಯೇ ತೆಗೆಯಬೇಕು. ಆ ದೂಳಿನ ಫಲ ಶ್ವಾಸಕೋಶದಲ್ಲಿ ತೋರುವುದು ದಶಕಗಳ ಅನಂತರ. ಮಕ್ಕಳನ್ನು ಆ ಕೆಲಸದಿಂದ ದೂರವೇ ಇರಿಸಿದೆವು.

ಗಡುಸಾದ ಹಳೆಯ ಸ್ಟಿಯರಿಂಗ್ ಕಂಬವನ್ನು ಮಾತ್ರ ಬದಲಿಸಲಾಗಲಿಲ್ಲ. ಆ ಅಪಾಯ ಉಳಿದೇ ಇದೆ. ಆದುದರಿಂದ ಹಳ್ಳಿಯ ದಾರಿ, ಗಂಟೆಗೆ 40 ಮೈಲಿ, ಹಗಲು ಹೊತ್ತು ಇವೇ ಅದರ ಮೇರೆ. ಫ್ರೀವೇ ನಿಷಿದ್ಧ. ಈ ಮಾತಿಗೆ ಮಕ್ಕಳೂ ಒಪ್ಪಿದ್ದಾರೆ. ಒಂದೊಂದು ಬೋಲ್ಟನ್ನೂ ತಾವೇ ಬಿಗಿದ ಕಾರಣ, ಯಂತ್ರದ ಬಲವನ್ನೂ ಮಿತಿಯನ್ನೂ ಅವರು ಬಲ್ಲರು. ಎರಡು ವರ್ಷಗಳ ದುಡಿಮೆಯಲ್ಲಿ ನಮಗೆ ದಕ್ಕಿದ ನಿಜವಾದ ಲಾಭವಿದು.

ಹಳೆಯದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಪರದೇಶದಲ್ಲಿ ಮನೆ ಕಟ್ಟಿದ ನಮಗೆಲ್ಲ ಚಿರಪರಿಚಿತ. ಗ್ಯಾರೇಜಿನಲ್ಲಿ ಆ ಪ್ರಶ್ನೆಯನ್ನು ಮಕ್ಕಳೊಡನೆ ಕುಳಿತು ಚರ್ಚಿಸುವ ಅವಕಾಶ ನಮಗೆ ದೊರೆಯಿತು. ಟ್ರಕ್ಕು ಹೊರಗೆ ನಿಂತಿದೆ. ಊಟದ ಬಳಿಕ ತಾವೆಲ್ಲ ಬಂದು ನೋಡಬೇಕು.