ಹಾಡಿಗೊಂದು ಹಾಜರಿ ಪುಸ್ತಕ

ಸಂಗೀತ ಬಲ್ಲವನೆಂದು ಹೇಳಿಕೊಳ್ಳುವ ಧೈರ್ಯ ನನಗೆ ಎಂದೂ ಇದ್ದುದಿಲ್ಲ. ಎಳೆಯ ವಯಸ್ಸಿನಲ್ಲಿ ಜೂನಿಯರ್ ಪರೀಕ್ಷೆಯೊಂದನ್ನು ದಾಟಿದ್ದೆ, ಅಷ್ಟೆ. ಆದರೆ 1994ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಆಸುಪಾಸಿನ ಪ್ರೌಢಶಾಲೆಯೊಂದಕ್ಕೆ ಕನ್ನಡ ಉಪಾಧ್ಯಾಯನಾಗಿ ಹೋದಾಗ, ಅಲ್ಲಿ ಸಂಗೀತದ ಮೇಷ್ಟ್ರೇ ಇರಲಿಲ್ಲವಾದ್ದರಿಂದ ಈ ಅಲ್ಪ ಬಂಡವಾಳವೇ ನನ್ನನ್ನು ವಿದ್ವಾಂಸನನ್ನಾಗಿ ಮಾಡಿತು. ಗಣರಾಜ್ಯೋತ್ಸವದ ವೇಳೆಗೆ ಮಕ್ಕಳ ಗಾಯನ ತಂಡವೊಂದು ಸಿದ್ಧವಾಗಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ನಾನು ಒಪ್ಪಿಕೊಂಡೆ.

ಆ ಸೀಮೆಯನ್ನು ಕಾಣದವರಿಗಾಗಿ ಎರಡು ಮಾತು. ಬಂಡೆಗಳ ರಾಶಿ, ನಡುನಡುವೆ ಶೇಂಗಾ ಹೊಲ, ಮಳೆಗಾಗಿ ಕಾಯುವ ಆಕಾಶ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಒಂದು ಭಾಗದ ಸಾರ. ಶಾಲೆಗೆ ಸೇರಿದ ಹೊಸದರಲ್ಲಿಯೇ ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ದು, ಆಚಾರ್ಯರ ವಿಷಯ ಬಂದೊಡನೆ ದನಿಯನ್ನು ತುಸು ಏರಿಸಿ ವಿವರಿಸಿದ್ದೆ. ಆಚಾರ್ಯನು ಶಿಷ್ಯರನ್ನು ಹೇಗೆ ಕಾಣಬೇಕೆಂಬ ಪ್ರಶ್ನೆಯನ್ನು ಮಕ್ಕಳೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ತಂಡಕ್ಕೆ ಬಂದವರಲ್ಲಿ ರೇಷ್ಮೆ ಸೀರೆ ನೇಯುವವರ ಮಕ್ಕಳಿದ್ದರು. ಮನೆಯಲ್ಲಿ ತೆಲುಗು ಆಡುವ ಮ್ಯಾಸನಾಯಕರ ಹುಡುಗರಿದ್ದರು. ಗೊಲ್ಲರಹಟ್ಟಿಯಿಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಎರವಲು ತಂದ ಹಾರ್ಮೋನಿಯಂ ಒತ್ತಿ ಒಬ್ಬೊಬ್ಬರ ದನಿಯನ್ನೂ ಪರೀಕ್ಷಿಸಿ ಹನ್ನೆರಡು ಮಂದಿಯನ್ನು ಆರಿಸಿದೆ. ಆ ಹುಡುಗಿಯದು ಊರಾಚೆಗೆ ಕೇಳಿಸುವ ಕಂಠ. ಆದರೆ ಅದು ಹಾರ್ಮೋನಿಯಂನ ಎರಡು ಸ್ವರಗಳ ನಡುವೆ ಎಲ್ಲೋ ನಿಲ್ಲುತ್ತಿತ್ತು. ತಿದ್ದಿದರೆ ಸರಿಹೋದೀತೆಂದು ಸೇರಿಸಿಕೊಂಡೆ.

ಶಿಸ್ತಿಲ್ಲದೆ ಸಂಗೀತವಿಲ್ಲವೆಂಬುದು ಆಗ ನನ್ನ ಸಿದ್ಧಾಂತ. ಅಭ್ಯಾಸಕ್ಕೂ ಒಂದು ಹಾಜರಿ ಪುಸ್ತಕ ಇಟ್ಟೆ. ಆ ಹುಡುಗಿ ತಿಂಗಳಿಗೆ ನಾಲ್ಕೈದು ದಿನ ತಪ್ಪಿಸುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸುವಳು. ಮೂರನೆಯ ತಿಂಗಳೂ ಹಾಗೆಯೇ ಆದಾಗ, ಎಲ್ಲರೆದುರಿನಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಅವಳು ಅಳಲಿಲ್ಲ. "ಆಗ್ಲಿ ಸಾರ್" ಎಂದು ಹೊರಟುಹೋದಳು.

ಸಂಜೆ ಹೊಲಿಗೆ ಕಲಿಸುವ ಮೇಡಂ ನನ್ನನ್ನು ತಡೆದು, "ಮೇಷ್ಟ್ರೆ, ಆ ದಿನಗಳಲ್ಲಿ ಅವಳು ಎಲ್ಲಿರುತ್ತಾಳೆ ಅಂತ ಯಾರನ್ನಾದರೂ ಕೇಳಿದಿರಾ?" ಎಂದರು. ಮುಟ್ಟಾದ ಹೆಣ್ಣು ಹಟ್ಟಿಯೊಳಗೆ ಇರಕೂಡದು. ಹೊರಗೆ ಗುಡಿಸಲಲ್ಲೋ ಮರದಡಿಯೋ ದಿನ ಕಳೆಯಬೇಕು. ಇದನ್ನು ಊರಿನಲ್ಲಿ ಎಲ್ಲರೂ ಬಲ್ಲರು. ನಾನೊಬ್ಬ ಅರಿಯದೆ, ಹದಿನಾಲ್ಕು ವರ್ಷದ ಮಗು ಬಾಯಿಬಿಟ್ಟು ಹೇಳಲಾರದ ಕಾರಣವನ್ನು ತರಗತಿಯ ನಡುವೆ ನಿಲ್ಲಿಸಿ ಕೇಳಿದ್ದೆ.

ಭಾನುವಾರ ಮೇಡಮ್ಮನವರೊಡನೆ ಹಟ್ಟಿಗೆ ಹೋದೆ. ಹುಡುಗಿಯ ಅಜ್ಜಿ ಕಂಬಳಿ ಹಾಸಿದರು. ನಾನು ತಪ್ಪೊಪ್ಪಿಕೊಂಡಾಗ ಆಕೆಗೆ ಅದೇನೂ ದೊಡ್ಡ ಸಂಗತಿಯಾಗಿ ತೋರಲಿಲ್ಲ. "ನಿಮ್ಮ ಬುಕ್ಕಿನ ಪದ ಹೇಳ್ದಿದ್ರೆ ಏನಾತಪ್ಪ? ಅವ್ಳಿಗೆ ನಮ್ಮವೇ ಬೇಕಾದಷ್ಟು ಅದಾವೆ" ಎಂದರು. ಒಂದನ್ನು ಹೇಳಿರೆಂದು ಬೇಡಿಕೊಂಡೆ. ಅಜ್ಜಿ ಸೋಬಾನೆಯ ಒಂದು ಸೊಲ್ಲು ಎತ್ತಿದರು. ಮೊಮ್ಮಗಳು ಅದನ್ನು ಹಿಂದಿನಿಂದ ಹಿಡಿದುಕೊಂಡಳು. ನಾನು ತಿದ್ದಲು ಹೆಣಗಿದ್ದ ಆ ನಡುವಿನ ಸ್ವರದಲ್ಲಿಯೇ ಇಬ್ಬರ ದನಿಯೂ ಒಂದು ಕೂದಲೆಳೆ ಆಚೀಚೆಯಾಗದೆ ನಿಂತಿತ್ತು.

ಇದೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತೆಂಬುದನ್ನು ಹಿರಿಯ ಶ್ರೋತೃಗಳು ಬಲ್ಲರು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳು ಅದರಲ್ಲಿ ನುಡಿಯುವುದಿಲ್ಲವೆಂಬುದು ಒಂದು ಆಕ್ಷೇಪ. ಓದಿ ತಿಳಿದಿದ್ದ ಈ ಸಂಗತಿಯನ್ನು ನನ್ನ ಕಿವಿ ಒಪ್ಪಿಕೊಂಡದ್ದು ಆ ಕಂಬಳಿಯ ಮೇಲೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಸಂಗ್ರಹಿಸಿದರು; ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯನ್ನಿತ್ತಿತು. ಅಂಥ ನೆಲದಲ್ಲಿ ನಿಂತು ನಾನು ದನಿಗಳ ಪರೀಕ್ಷೆ ನಡೆಸಿದ್ದೆ!

ಹಾರ್ಮೋನಿಯಂ ಮರಳಿ ಒಡೆಯರ ಮನೆ ಸೇರಿತು. ಹಾಜರಿ ಪುಸ್ತಕ ನಿಂತಿತು. ಪರೀಕ್ಷೆಯಲ್ಲಿ ಬಿದ್ದವರನ್ನೂ ಕರೆದೆ. ನೇಯ್ಗೆಯವರ ಹುಡುಗನೊಬ್ಬ ಬೆಂಚಿನ ಮೇಲೆ ಬೆರಳಾಡಿಸಿ, ಮಗ್ಗದ ಸದ್ದಿನಂತೆ ತಪ್ಪದ ಲಯವನ್ನು ಕೊಟ್ಟ. ತೆಲುಗಿನ ಪದಗಳೂ ಸಂಕೋಚ ಬಿಟ್ಟು ಹೊರಬಂದವು. ಒಬ್ಬರು ಎತ್ತಿದ ಸೊಲ್ಲನ್ನು ಉಳಿದವರು ಹಿಡಿಯುವ ಕ್ರಮವಾದ್ದರಿಂದ, ಯಾರು ಬಾರದಿದ್ದರೂ ಹಾಡು ಮುರಿಯುತ್ತಿರಲಿಲ್ಲ. ತಲೆಮಾರುಗಳ ಹೆಂಗಸರು ಕಂಡುಕೊಂಡ ಈ ಉಪಾಯ ನನ್ನ ಕೆಂಪು ಶಾಯಿಗಿಂತ ಎಷ್ಟೋ ಜಾಣತನದ್ದು.

ಹಟ್ಟಿಯ ಪದ್ಧತಿಯನ್ನು ನಾನು ಬದಲಾಯಿಸಿದೆನೆಂದು ಯಾರೂ ಭಾವಿಸಬಾರದು. ಮೇಡಮ್ಮನವರು ಎರಡು ಬಾರಿ ಆ ಮಾತೆತ್ತಿದರು. ಎರಡು ಬಾರಿಯೂ ಅಜ್ಜಿ ಎದ್ದು ಒಳಗೆ ಹೋದರು.

1995ರ ಜನವರಿ 26ರಂದು ಆ ಹುಡುಗಿ ಬರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ. ಪ್ರಭಾತಫೇರಿಯ ಮಕ್ಕಳು ನಾನು ಹೇಳದೆಯೇ ಹಟ್ಟಿಯ ಕಡೆಯ ದಾರಿ ಹಿಡಿದು, ದೇಶಭಕ್ತಿಗೀತೆ ಮುಗಿದೊಡನೆ ಅವಳು ಕಲಿಸಿದ ಪದವನ್ನು ಹಾಡತೊಡಗಿದರು. ಬೇಲಿಯಾಚೆ ಯಾರೂ ಕಾಣಿಸಲಿಲ್ಲ. ನಾಲ್ಕು ಕುರಿಮರಿಗಳು ಮಾತ್ರ ನಿಂತು ನೋಡಿದವು.

ಮುಂದಿನ ಸೋಮವಾರ ಅವಳು ಶಾಲೆಗೆ ಬಂದವಳೇ ನೆಟ್ಟಗೆ ನನ್ನ ಮೇಜಿನ ಬಳಿಗೆ ಬಂದಳು.

"ಸಾರ್, ಮೂರನೇ ನುಡೀನೇ ಬಿಟ್ಬಿಟ್ರಿ."