ಕೊಸರು

(ಹೂವಿನಹಡಗಲಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಜಾಗದಲ್ಲಿ ನಿಂತವರಿಂದ ನೀವು ಸಾಮಾನ್ಯವಾಗಿ ಕೇಳುವುದು ಬೆಲೆ ಏರಿಕೆಯ ಮಾತು, ಕೂಲಿಯ ಮಾತು, ತೆರಿಗೆಯ ಮಾತು. ಇಂದು ಅಧ್ಯಕ್ಷರು ನನಗೆ ಬೇರೆ ಅಪ್ಪಣೆ ಮಾಡಿದ್ದಾರೆ. "ಒಂದು ಸಂಜೆಯಾದರೂ ಜಗಳವಿಲ್ಲದ ಮಾತು ಆಡ್ರಿ, ಸ್ನೇಹದ ವಿಷಯ ಹೇಳ್ರಿ" ಎಂದರು. ನಾನು ವಿದ್ವಾಂಸನಲ್ಲ. ಹದಿನೇಳು ವರ್ಷ ದಾವಣಗೆರೆಯ ಗಿರಣಿಯೊಂದರಲ್ಲಿ ನೂಲಿನ ಖಾತೆಯಲ್ಲಿ ದುಡಿದವನು. ಆಮೇಲೆ ಇದೇ ಊರಿನ ಪೇಟೆಯಲ್ಲಿ ಬೆಲ್ಲ, ಬೇಳೆ ತೂಗಿದವನು. ತಕ್ಕಡಿ ಹಿಡಿದ ಕೈಗೆ ಸ್ನೇಹದ ಮಾತೂ ತಕ್ಕಡಿಯಿಂದಲೇ ಹೊರಡಬೇಕು. ಆದುದರಿಂದ ಕೊಸರಿನ ವಿಷಯ ಹೇಳುತ್ತೇನೆ.

ನಮ್ಮ ಊರಿಗೆ ಹೂವಿನ ಹೆಸರು ಬಂದುದು ಹೇಗೆಂದು ನಿಮ್ಮ ಅಜ್ಜಂದಿರು ಹೇಳಿದ್ದನ್ನು ನೀವೆಲ್ಲರೂ ಬಲ್ಲಿರಿ. ವಿಜಯನಗರದ ಕಾಲದಲ್ಲಿ ಇಲ್ಲಿಯ ಹೂ ಹಡಗಿನಲ್ಲಿ ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿದ್ದಿತಂತೆ. ಈಗ ಹಡಗು ಇಲ್ಲ, ಬಸ್ಸು ಇದೆ. ಹಡಗಲಿ ಮಲ್ಲಿಗೆ ಎಂಬ ಹೆಸರಿಗೆ ಸರಕಾರದ ಭೌಗೋಳಿಕ ಗುರುತು ಕೂಡ ದೊರೆತಿದೆ. ಆ ಗುರುತಿನಿಂದ ಮೊಗ್ಗು ಕೀಳುವ ಹೆಣ್ಣುಮಗಳ ಕೂಲಿ ಎಷ್ಟು ಹೆಚ್ಚಿತು ಎಂದು ನಾನು ಕೇಳಹೊರಟರೆ ಅಧ್ಯಕ್ಷರು ಕೋಪಿಸಿಕೊಂಡಾರು. ಇಂದು ಜಗಳವಿಲ್ಲದ ದಿನ.

ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಕೀಳಬೇಕು. ಬಿಸಿಲು ಏರಿದರೆ ಕೆಲಸ ಕೆಟ್ಟಿತು. ಬೆಳಗಿನ ಜಾವದ ನಸುಗತ್ತಲಲ್ಲಿ ಹೆಣ್ಣುಮಕ್ಕಳು ಗಿಡದ ಸಾಲಿನಲ್ಲಿ ಬಗ್ಗಿ ಉಡಿ ತುಂಬುತ್ತಾರೆ. ಕೈಗೆ ಕಾಣುವಷ್ಟು ಕಣ್ಣಿಗೆ ಕಾಣದ ಹೊತ್ತು ಅದು. ಆಮೇಲೆ ಕಟ್ಟುವ ಕೆಲಸ, ಆಮೇಲೆ ಬುಟ್ಟಿ, ಆಮೇಲೆ ಪೇಟೆ. ಪೇಟೆಯಲ್ಲಿ ಕಟ್ಟಿದ ಹೂವಿಗೆ ತಕ್ಕಡಿ ಇಲ್ಲ. ಮೊಳ, ಇಲ್ಲವೆ ಮಾರು. ಮಾರುವವಳ ಮೊಳಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಕೊಳ್ಳುವವರು ಉದ್ದ ಕೈಯವಳನ್ನು ಹುಡುಕಿಕೊಂಡು ಹೋಗುವುದೂ ಉಂಟು! ಅಳೆದಾಯಿತು, ದುಡ್ಡು ಎಣಿಸಿಯಾಯಿತು. ಆಗ ಆಕೆ ಕತ್ತರಿಸುವ ಮುನ್ನ ಬೆರಳನ್ನು ನಾಲ್ಕು ಮೊಗ್ಗಿನಷ್ಟು ಮುಂದಕ್ಕೆ ಸರಿಸುತ್ತಾಳೆ. ಅದು ಕೊಸರು. ಸೊಪ್ಪಿನವಳು ಹಾಕುವ ಎರಡು ಎಸಳು ಕರಿಬೇವು ಕೊಸರು. ಹಾಲಿನವನು ಅಳತೆ ಮುಗಿಸಿ ಮತ್ತೆ ಬಗ್ಗಿಸುವ ಒಂದು ತೊಟ್ಟು ಕೊಸರು. ಅದು ದಾನವಲ್ಲ, ರಿಯಾಯಿತಿಯೂ ಅಲ್ಲ. ದಾನ ಕೊಟ್ಟವನು ಮೇಲೆ ನಿಲ್ಲುತ್ತಾನೆ. ಕೊಸರು ಕೊಟ್ಟವಳು ನಿಮ್ಮ ಎದುರಿಗೇ, ನೆಲದ ಮೇಲೆ ಕುಳಿತಿರುತ್ತಾಳೆ.

ನಮ್ಮ ತಂದೆ ಮದರಾಸು ಪ್ರಾಂತ್ಯದಲ್ಲಿ ಹುಟ್ಟಿ, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿ, 1973ರ ಮೇಲೆ ಕರ್ನಾಟಕದವರಾಗಿ ತೀರಿಕೊಂಡರು; ಮನೆಯನ್ನು ಮಾತ್ರ ಒಮ್ಮೆಯೂ ಬದಲಿಸಲಿಲ್ಲ. ನಾನೂ ಅದೇ ಮನೆಯಲ್ಲಿದ್ದುಕೊಂಡು 2021ರಲ್ಲಿ ವಿಜಯನಗರ ಜಿಲ್ಲೆಯವನಾದೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿ ಆಯಿತು. ಸೇರು, ಪಾವು ಹೋಗಿ ಕಿಲೋ, ಲೀಟರು ಬಂದವು. ಆಗಿನ ವ್ಯಾಪಾರಿಗಳು ಲೆಕ್ಕ ತಪ್ಪಿ ಎಷ್ಟು ಒದ್ದಾಡಿದರೆಂದು ತಂದೆ ನಗುತ್ತ ಹೇಳುತ್ತಿದ್ದರು. ಆದರೆ ಕೊಸರಿಗೆ ಯಾವ ಕಾಯಿದೆಯೂ ಬರಲಿಲ್ಲ, ಅದು ಹೋಗಲೂ ಇಲ್ಲ. ಈಗ ಕರೆಂಟಿನ ತಕ್ಕಡಿಯ ಮೇಲೆ ಕೆಂಪು ಅಂಕಿ ಓಡುತ್ತದೆ. ಎರಡು ಗ್ರಾಂ ಹೆಚ್ಚಾದರೆ ಒಂದು ಬೀನ್ಸ್ ಕಾಯಿಯನ್ನು ಹಿಂದಕ್ಕೆ ತೆಗೆಯುವವರನ್ನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆ ತೆಗೆದು, ಎದುರಿಗಿದ್ದ ಮುದುಕಿಯ ಮುಖ ನೋಡಿ ಮತ್ತೆ ಹಾಕಿದೆ. ಯಾಕೆ ಮುಚ್ಚಿಡಲಿ?

ಇಲ್ಲಿ ಗಿರಣಿಯಲ್ಲಿ ದುಡಿದವರು ಒಂದು ಪ್ರಶ್ನೆ ಕೇಳಬಹುದು. ಆಯುಧಪೂಜೆಯ ದಿನ ಧಣಿ ಕೊಡುತ್ತಿದ್ದ ಲಾಡು ಕೊಸರಲ್ಲವೆ? ನಾನೂ ಆ ಲಾಡು ತಿಂದಿದ್ದೇನೆ, ರುಚಿಯಾಗಿದ್ದಿತು. ಯಂತ್ರಕ್ಕೆ ಕುಂಕುಮ, ನಮಗೆ ಲಾಡು, ಮಕ್ಕಳಿಗೆ ಬೂಂದಿ. ಆದರೆ ಅದೇ ಗಿರಣಿ ಬಾಗಿಲು ಹಾಕಿದಾಗ ನಮ್ಮ ಬಾಕಿ ಬರಲಿಲ್ಲ. ಅಳತೆ ಪೂರ್ತಿಯಾದ ಮೇಲೆ ಬಂದುದು ಕೊಸರು. ಅಳತೆಯಲ್ಲಿ ಕಡಿಮೆ ಮಾಡಿ ಮೇಲೆ ಹಾಕಿದ್ದು ಕೊಸರಲ್ಲ. ಬೋನಸ್ಸನ್ನು ಬಹಳ ಮಂದಿ ಧಣಿಗಳು ಲಾಡುವಿನಂತೆಯೇ ಕೊಡಬಯಸಿದ್ದರು. 1965ರ ಬೋನಸ್ ಕಾಯಿದೆ ಅದನ್ನು ಅಳತೆಯೊಳಕ್ಕೆ ತಂದಿತು. ಕ್ಷಮಿಸಬೇಕು ಅಧ್ಯಕ್ಷರೇ, ಜಗಳದ ಮಾತು ಸ್ವಲ್ಪ ಬಂದೇಬಿಟ್ಟಿತು.

ಈಗ ನನ್ನ ಗೆಳೆಯನ ಕಥೆಗೆ ಬರುತ್ತೇನೆ. ಅವನ ಹೆಸರು ಹೇಳುವುದಿಲ್ಲ. ಹೆಸರು ಹೇಳಿಸಿಕೊಳ್ಳುವ ಸ್ವಭಾವ ಅವನದಲ್ಲ. ಹೂವಿನ ವ್ಯಾಪಾರಿ. ಇಬ್ಬರೂ ಒಂದೇ ಶಾಲೆಯಲ್ಲಿ ಪೆಟ್ಟು ತಿಂದವರು. ಗಿರಣಿ ನಿಂತ ವರ್ಷ, 1990ರ ದಶಕದ ಮೊದಲಲ್ಲಿ, ನಾನು ಹೆಂಡತಿ, ಎರಡು ಮಕ್ಕಳು, ಒಂದು ಟ್ರಂಕಿನೊಂದಿಗೆ ಹರಪನಹಳ್ಳಿ ಮೇಲಿನ ಬಸ್ಸು ಹಿಡಿದು ಊರಿಗೆ ಬಂದೆ. ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ. ಮೂರನೆಯ ದಿನ ಅವನು ಮನೆಗೆ ಬಂದು, ಚಹಾ ಕುಡಿದು, ಹೊರಡುವಾಗ ಅಂಗಿಯೊಳಗಿನಿಂದ ಒಂದು ಪೊಟ್ಟಣ ತೆಗೆದು ಕಿಟಕಿಯಲ್ಲಿ ಇಟ್ಟ. "ಲೇ, ಇದನ್ನ ನಿನ್ನ ಹತ್ರ ಇಟ್ಕ. ನನ್ನ ಹತ್ರ ಇದ್ರ ಸುಮ್ನ ಖರ್ಚಾಗಿ ಹೋಗ್ತೈತಿ" ಎಂದ. ಐದು ಸಾವಿರ ರೂಪಾಯಿ. ಬಡ್ಡಿ ಇಲ್ಲ, ಕಾಗದ ಇಲ್ಲ, ಸಾಕ್ಷಿ ಇಲ್ಲ. ನಮ್ಮ ಮಾತಿನಲ್ಲಿ ಕೈಗಡ. ಕೊಟ್ಟವನು ತಾನೇ ಉಪಕಾರ ಕೇಳಿದವನಂತೆ ಮಾತಾಡಿದ್ದನ್ನು ನೋಡಿ! ಆ ದುಡ್ಡಿನಿಂದ ತಕ್ಕಡಿ ಬಂತು, ಎರಡು ಪಿಂಡಿ ಬೆಲ್ಲ ಬಂತು, ಅಂಗಡಿ ಆಯಿತು.

ಎರಡು ವರ್ಷದಲ್ಲಿ ಮೂರು ಸಾವಿರ ತೀರಿಸಿದೆ. ಅಷ್ಟರಲ್ಲಿ ಒಂದು ದಿನ ಚಹಾದ ಅಂಗಡಿಯಲ್ಲಿ ಯಾರೋ, "ನಿಂದು ಹೂವಿನ ಬಂಡವಾಳ ಅಲ್ಲೇನೋ" ಎಂದು ನಕ್ಕರು. ನನಗೆ ಮೈ ಉರಿಯಿತು. ಇವನೇ ಪೇಟೆಯ ತುಂಬ ಹೇಳಿಕೊಂಡು ತಿರುಗಿದ್ದಾನೆಂದು ನೇರ ಅವನ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಆಡಬಾರದ ಮಾತು ಆಡಿದೆ. ಅವನು ಹೂವಿನ ಮೇಲೆ ನೀರು ಚಿಮುಕಿಸುತ್ತ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ತಿಳಿಯಿತು, ಹೇಳಿದವಳು ನನ್ನ ಹೆಂಡತಿ. ನೀರಿಗೆ ಹೋದಲ್ಲಿ, ಹೆಮ್ಮೆಯಿಂದ, "ಅಂಥಾ ಗೆಳ್ಯಾ ನಮ್ಮನೆಯವರಿಗೆ ಅದಾನ" ಎಂದು ಹೇಳಿಕೊಂಡಿದ್ದಳು. ಅವಳು ಉಪಕಾರವೆಂದು ನೆನೆದುದನ್ನು ನಾನು ಅವಮಾನವೆಂದು ಬಚ್ಚಿಟ್ಟಿದ್ದೆ. ತಪ್ಪು ತಿಳಿದ ಮೇಲೂ ಆರು ತಿಂಗಳು ಅವನ ಅಂಗಡಿಯ ಕಡೆ ಹೋಗಲಿಲ್ಲ. ಬೇರೆ ಓಣಿಯಿಂದ ತಿರುಗಾಡಿದೆ.

ನಮ್ಮನ್ನು ಕೂಡಿಸಿದ್ದು ಮೈಲಾರದ ಜಾತ್ರೆ. ಭರತ ಹುಣ್ಣಿಮೆಯ ಆ ಜನಸಾಗರವನ್ನು ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಲಕ್ಷ ಬಾಯಿ ಮುಚ್ಚಿ, ಒಂದು ಸಾಲು ಕಾರಣಿಕ ಬೀಳುತ್ತದೆ. ಮರುಕ್ಷಣವೇ ರೈತ ಅದರಲ್ಲಿ ಮಳೆಯನ್ನೂ, ವ್ಯಾಪಾರಿ ಹತ್ತಿಯ ಧಾರಣೆಯನ್ನೂ, ರಾಜಕಾರಣಿ ಕುರ್ಚಿಯನ್ನೂ ಕಾಣತೊಡಗುತ್ತಾನೆ! ಆ ನೂಕುನುಗ್ಗಲಿನಲ್ಲಿ ಯಾರೋ ನನ್ನ ರಟ್ಟೆ ಹಿಡಿದರು. ತಿರುಗಿ ನೋಡಿದರೆ ಅವನು. "ಉಂಡಿಯೇನಲೇ?" ಎಂದ. ಇಲ್ಲವೆಂದೆ. ಬಂಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದ. ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಮೊಸರು, ಎಣ್ಣೆಗಾಯಿ ಪಲ್ಯ. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ, ಅದರೊಳಕ್ಕೆ ರೊಟ್ಟಿಯ ತುಂಡು ಇಟ್ಟು, "ಮೊದ್ಲು ಉಣ್ಣು" ಎಂದ. ಉಂಡೆವು. ಆ ಊಟದ ಸುಖ ಇಂದಿಗೂ ನಾಲಿಗೆಯಲ್ಲಿದೆ. ಕ್ಷಮೆ ಕೇಳುವುದು ಅಂದೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ನಮ್ಮ ದಿನದ ಮಾತಿನಲ್ಲಿ ಉಪಕಾರ ಹೇಳುವುದಕ್ಕೆ ಒಂದು ಸುಲಭವಾದ ಶಬ್ದವೇ ಇಲ್ಲ ನೋಡಿ. ವಂದನೆ, ಕೃತಜ್ಞತೆ ಎಂಬುವು ಭಾಷಣಕ್ಕೆ ಬರುತ್ತವೆ, ಮನೆಗೆ ಬರುವುದಿಲ್ಲ. "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ನಮ್ಮ ತಾಯಂದಿರು ಅನ್ನುತ್ತಿದ್ದರು. ಗಂಡಸಾದ ನನಗೆ ಅದನ್ನು ಇನ್ನೊಬ್ಬ ಗಂಡಸಿಗೆ ಅನ್ನಲು ನಾಚಿಕೆಯಾಯಿತು.

ಉಳಿದ ಎರಡು ಸಾವಿರವನ್ನು ನಾನು ಕೊಡಹೋದಾಗಲೆಲ್ಲ ಅವನು, "ಇರ್ಲಿ ಬಿಡಲೇ, ಮಗಳ ಮದುವಿಗೆ ಬೇಕಾಗ್ತೈತಿ" ಎನ್ನುವನು. ಮಗಳ ಮದುವೆಗೆ ಕೊಡಹೋದರೆ, "ಇನ್ನೊಬ್ಬಾಕಿ ಅದಾಳಲ್ಲ" ಎನ್ನುವನು. ಹೀಗೆ ಇಪ್ಪತ್ತು ವರ್ಷಗಳು ಮೀರಿದವು. 2021ರ ಬೇಸಿಗೆಯಲ್ಲಿ ಕೊರೊನಾ ಬಂದು ಗುಡಿಗಳು ಮುಚ್ಚಿದವು, ಮದುವೆಗಳು ನಿಂತವು. ಮಲ್ಲಿಗೆ ಗಿಡದಲ್ಲಿಯೇ ಅರಳಿ ಗಿಡದಲ್ಲಿಯೇ ಬಾಡಿತು. ಆ ಬೇಸಿಗೆಯಲ್ಲಿಯೇ ಅವನು ಹೋದ. ಹೂವಿನವನ ಮೇಲೆ ಹಾಕಲು ಹೂ ಇದ್ದಿತು, ಹತ್ತಿರ ಹೋಗಿ ಹಾಕಲು ಅಪ್ಪಣೆ ಇರಲಿಲ್ಲ.

ಮೂರು ತಿಂಗಳ ನಂತರ ಹತ್ತು ಸಾವಿರ ರೂಪಾಯಿ ಕಟ್ಟಿಕೊಂಡು ಅವನ ಮನೆಗೆ ಹೋದೆ. ಆಗಿನ ಎರಡು ಸಾವಿರ ಈಗಿನ ಎರಡು ಸಾವಿರವಾದೀತೇ ಎಂಬುದು ನನ್ನ ಲೆಕ್ಕ. ಆ ತಂಗಿ ಪಡಸಾಲೆಯಲ್ಲಿ ಕುಳಿತು ಹೂ ಕಟ್ಟುತ್ತಿದ್ದಳು. ಗಂಡ ಸತ್ತವಳು ಹೂ ಮುಡಿಯಬಾರದಂತೆ, ಆದರೆ ಕಟ್ಟಬಹುದಂತೆ! ದಿನಕ್ಕೆ ನೂರು ತಲೆಗೆ ಹೂ ಒದಗಿಸುವ ಕೈ ತನ್ನ ತಲೆಗೆ ಹೋಗಬಾರದು. ಹೂವಿನ ಹೆಸರಿನ ಊರಿನಲ್ಲಿಯೂ ಈ ಅನ್ಯಾಯವನ್ನು ನಾವೆಲ್ಲ ನೋಡಿಕೊಂಡು ಸುಮ್ಮನಿದ್ದೇವೆ, ನಾನೂ ಸುಮ್ಮನಿದ್ದೇನೆ.

ನಾನು ದುಡ್ಡು ಮುಂದಿಟ್ಟೆ. ಬೇಡವೆಂದಾಳು, ಕಣ್ಣೀರು ಹಾಕಿಯಾಳು ಎಂದುಕೊಂಡಿದ್ದೆ. ಆಕೆ ಕೈ ಒರೆಸಿಕೊಂಡು ನೋಟು ಎಣಿಸಿದಳು. ಎರಡು ಸಲ ಎಣಿಸಿದಳು. ಎರಡು ಸಾವಿರ ತೆಗೆದುಕೊಂಡು, ಎಂಟು ಸಾವಿರ ನನ್ನ ಕಡೆಗೆ ಸರಿಸಿದಳು.

"ಅಣ್ಣಾರ, ಇಷ್ಟ ಬಾಕಿ ಇತ್ತು. ಅವ್ರು ಹೇಳಿದ್ರು."

"ಇರ್ಲಿ ತಂಗೀ, ಭಾಳ ವರ್ಷ ಆತು" ಎಂದೆ.

"ಕೈಗಡಕ್ಕ ಬಡ್ಡಿ ಇಲ್ರಿ" ಎಂದಳು. ಆ ದನಿಯಲ್ಲಿ ಇನ್ನೊಂದು ಮಾತಿಗೆ ಎಡೆಯಿರಲಿಲ್ಲ.

ನಾನು ಎದ್ದು ಮೆಟ್ಟು ಹಾಕಿಕೊಳ್ಳುತ್ತಿದ್ದೆ. "ನಿಲ್ರಿ" ಎಂದು, ಕಟ್ಟುತ್ತಿದ್ದ ಮಾಲೆಯನ್ನು ಮೊಳಕೈಗೆ ಹಿಡಿದು ಅಳೆದಳು. ಬೆರಳನ್ನು ನಾಲ್ಕು ಮೊಗ್ಗಿನಷ್ಟು ಮುಂದಕ್ಕೆ ಸರಿಸಿ ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಟ್ಟು, "ಅಕ್ಕಗ ಕೊಡ್ರಿ" ಎಂದಳು. ನನಗೆ ಆಗ ಬಾಯಿ ಬಂದಿತು. "ನಿನ್ನ ಹೊಟ್ಟಿ ತಣ್ಣಗಿರಲಿ, ತಂಗೀ" ಎಂದೆ. ಆಕೆ ತಲೆಯೆತ್ತಲಿಲ್ಲ, ಬಸ್ಸಿನ ಹೊತ್ತಿಗೆ ಬುಟ್ಟಿ ತುಂಬಬೇಕಾಗಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಕಡೆಯಿಂದ ಬಂದವರಿಗೆ ಬಸ್ಸಿನ ವೇಳೆಯಾಯಿತು.