ಬಿಸ್ಕತ್ತಿನ ಮೇಲೊಂದು ಗೇರುಬೀಜದ ಹೂವು

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಸಂಘದ ಸದಸ್ಯೆಯೊಬ್ಬರು ನೀಡಿದ ಮಾಹಿತಿ)



ನಾನು ಉಪನ್ಯಾಸ ಮಾಡುವವಳಲ್ಲ. ನಿಮ್ಮ ಹಾಗೆಯೇ ವಾರಕ್ಕೊಮ್ಮೆ ಸಭೆಗೆ ಬಂದು ಉಳಿತಾಯ ಕಟ್ಟುವವಳು. ಇವತ್ತು ನಾನು ಹೇಳುವುದರಲ್ಲಿ ಅರ್ಧ ಕೈಕೆಲಸ, ಅರ್ಧ ನಾವು ಪೆಟ್ಟು ತಿಂದು ಕಲಿತದ್ದು.

ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್ ಬಂತೆಂದರೆ ಕುಸ್ವಾರ್ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ. ಅದರಲ್ಲಿ ಗೇರುಬೀಜ ಅರೆದು ಮಾಡಿದ ಮಾರ್ಜಿಪಾನ್ ಕೂಡ ಇರುತ್ತದೆ. ಬೇರೆ ದೇಶಗಳಲ್ಲಿ ಅದನ್ನು ಬಾದಾಮಿಯಿಂದ ಮಾಡುತ್ತಾರೆ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಮರ ನಮ್ಮ ಗುಡ್ಡಗಳಲ್ಲಿ ಬೆಳೆದ ಮೇಲೆ ನಮ್ಮ ಹಿರಿಯರು ಬಾದಾಮಿಯ ಬದಲು ಗೇರುಬೀಜ ಹಾಕಿದರು. ಅದೇ ಹಿಟ್ಟಿನಿಂದ ಚಿಕ್ಕ ಹೂವು ಮಾಡಿ ಬಿಸ್ಕತ್ತಿನ ಮೇಲೆ ಕೂರಿಸಿದರೆ ಹುಟ್ಟುಹಬ್ಬ, ನಿಶ್ಚಿತಾರ್ಥ, ಸೀಮಂತ ಎಲ್ಲದಕ್ಕೂ ಆಗುತ್ತದೆ. ಮೊಟ್ಟೆ ಬೇಡ, ಜೆಲಾಟಿನ್ ಬೇಡ. ಹೂವು ಮಾಡ್ಲಿಕ್ಕೆ ಓವನ್ ಕೂಡ ಬೇಡ.

ಹಿಟ್ಟು ಮಾಡುವ ಕ್ರಮ

ಗೇರುಬೀಜ 250 ಗ್ರಾಂ, ಸಕ್ಕರೆ 180 ಗ್ರಾಂ, ನೀರು 100 ಮಿಲಿ, ರೋಸ್ ವಾಟರ್ ಒಂದು ಚಮಚ. ಇಡೀ ಬೀಜವೇ ಆಗಬೇಕೆಂದಿಲ್ಲ, ಬಿಳಿ ಬಣ್ಣದ ತುಂಡು ಬೀಜ ಸಾಕು. ಫ್ರಿಜ್‌ನಲ್ಲಿ ಇಟ್ಟಿದ್ದರೆ ಮೊದಲೇ ಹೊರಗೆ ತೆಗೆದಿಡಿ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ಬೀಜ ಬಿಸಿಯಾದರೆ ಎಣ್ಣೆ ಬಿಡುತ್ತದೆ, ಆಮೇಲೆ ಆ ಹಿಟ್ಟಿನಲ್ಲಿ ದಳ ನಿಲ್ಲುವುದಿಲ್ಲ. ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ ಜರಡಿ ಹಿಡಿಯಿರಿ.

ಸಕ್ಕರೆ ನೀರು ಕುದಿಸಿ ಒಂದೆಳೆ ಪಾಕ ಬಂದಾಗ ಪುಡಿ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಹಿಟ್ಟು ಬಾಣಲೆಯ ಬದಿ ಬಿಟ್ಟು ಬಂದಾಗ ಚೂರು ತೆಗೆದು ಉರುಟು ಮಾಡಿ ನೋಡಿ. ಬೆರಳಿಗೆ ಅಂಟದಿದ್ದರೆ ಇಳಿಸಿ. ಹೆಚ್ಚು ಕಾದರೆ ದಳ ಬಿರಿಯುತ್ತದೆ. ಹಾಗಾದಲ್ಲಿ ನಾಲ್ಕು ಹನಿ ಬಿಸಿನೀರು ಹಾಕಿ ನಾದಿದರೆ ಸರಿಯಾಗುತ್ತದೆ. ರೋಸ್ ವಾಟರ್ ಸೇರಿಸಿ, ಉಗುರು ಬೆಚ್ಚಗಿರುವಾಗಲೇ ನಾದಿ, ಒಣಗದಂತೆ ಮುಚ್ಚಿಡಿ.

ಗುಲಾಬಿ ಮಾಡುವುದು

ಕಡಲೆ ಕಾಳಿನಷ್ಟು ಹಿಟ್ಟನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ. ಒಂದು ಅಂಚು ತೆಳ್ಳಗಿರಲಿ, ಬುಡ ದಪ್ಪಗಿರಲಿ. ಮೊದಲನೇ ದಳವನ್ನು ವೀಳ್ಯದೆಲೆ ಸುರುಳಿಯ ಹಾಗೆ ಸುತ್ತಿದರೆ ಮೊಗ್ಗು. ಅದರ ಸುತ್ತ ಒಂದರ ಮೇಲೊಂದು ಸ್ವಲ್ಪ ಏರುವಂತೆ ಐದು ದಳ ಹಚ್ಚಿ, ತುದಿಯನ್ನು ಮೆಲ್ಲನೆ ಹೊರಗೆ ಬಾಗಿಸಿ. ಬುಡವನ್ನು ಚಿವುಟಿ ತೆಗೆಯಿರಿ. ಮೊದಲ ಹತ್ತು ಹೂವು ಕೋಸಿನ ಹಾಗೆ ಕಾಣುತ್ತದೆ, ಬೇಸರ ಬೇಡ. ಹನ್ನೊಂದನೆಯದು ಹೂವಾಗುತ್ತದೆ.

ಬಣ್ಣದ ವಿಷಯ

ಇಲ್ಲಿ ಜಾಗ್ರತೆ ಬೇಕು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಮುಂತಾದ ಬಣ್ಣಗಳನ್ನು ನಿಷೇಧಿಸಿದ್ದು ನೆನಪುಂಟಲ್ಲ? ರೋಡಮಿನ್ ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಬೇಕರಿ ಕೇಕುಗಳ ಬಣ್ಣದ ಬಗ್ಗೆಯೂ ಎಚ್ಚರಿಕೆ ಬಂತು. ಬಿಡಿ ಪೊಟ್ಟಣದಲ್ಲಿ ಸಿಗುವ, ಹೆಸರಿಲ್ಲದ ಬಣ್ಣವನ್ನು ಮುಟ್ಟಲೇಬೇಡಿ.

ನಮ್ಮ ಹಿತ್ತಿಲಲ್ಲೇ ಬಣ್ಣ ಉಂಟು. ಬೀಟ್‌ರೂಟ್ ರಸವನ್ನು ಗಟ್ಟಿಯಾಗುವಷ್ಟು ಬತ್ತಿಸಿದರೆ ಗುಲಾಬಿ ಬಣ್ಣ. ಚಿಟಿಕೆ ಅರಸಿನಕ್ಕೆ ಹಳದಿ. ಶಂಖಪುಷ್ಪವನ್ನು ಎರಡು ಚಮಚ ಬಿಸಿನೀರಲ್ಲಿ ನೆನೆಸಿದರೆ ನೀಲಿ, ಅದಕ್ಕೆ ಲಿಂಬೆ ಹಿಂಡಿದರೆ ನೇರಳೆ. ನೀಲಿಗೆ ಅರಸಿನ ಬೆರೆಸಿದರೆ ಎಲೆಗೆ ಬೇಕಾದ ಹಸಿರು. ನಾದುವಾಗ ಹನಿ ಹನಿಯಾಗಿ ಹಾಕಿ, ಹೆಚ್ಚಾದರೆ ಹಿಟ್ಟು ಸಡಿಲವಾಗುತ್ತದೆ.

"ಇಷ್ಟು ಕಷ್ಟ ಯಾಕೆ? ನಿಜವಾದ ಹೂವನ್ನೇ ಇಟ್ಟರಾಗದಾ?" ಎಂದು ನೀವು ಕೇಳಬಹುದು. ಪೇಟೆಯಲ್ಲಿ ಮಾರುವ ಗುಲಾಬಿ ಅಲಂಕಾರಕ್ಕೆಂದು ಬೆಳೆದದ್ದು, ಅದಕ್ಕೆ ಮದ್ದು ಹೊಡೆದಿರುತ್ತಾರೆ. ಮದ್ದು ಹೊಡೆಯದ ಮನೆಯ ಗುಲಾಬಿಯ ಎಸಳು ಆಗಬಹುದು. ಆದರೆ ಕಣಗಿಲೆ, ಉಮ್ಮತ್ತಿ ಇವೆಲ್ಲ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ಪ್ರಸಾದ, ನೈವೇದ್ಯಗಳಲ್ಲಿ ಕಣಗಿಲೆ ಬಳಸುವುದನ್ನೇ ನಿಲ್ಲಿಸಿದವು. ತಿನ್ನುವ ಹೂವೆಂದು ಖಚಿತವಿಲ್ಲದ್ದನ್ನು ತಟ್ಟೆಗೆ ತರಬೇಡಿ.

ನಮಗಾದ ಪೆಟ್ಟು

ನಮಗೆ ಸಿಕ್ಕಿದ ಮೊದಲ ದೊಡ್ಡ ಆರ್ಡರ್ 300 ಬಿಸ್ಕತ್ತಿನದ್ದು. ಜುಲೈ ತಿಂಗಳು, ಜಡಿಮಳೆ. ರಾತ್ರಿ ಎರಡು ಗಂಟೆಯವರೆಗೆ ಕೂತು ಹೂವು ಮಾಡಿದೆವು. ಬೆಳಿಗ್ಗೆ ಅವಸರ. ಬಿಸ್ಕತ್ತು ಇನ್ನೂ ಬೆಚ್ಚಗಿತ್ತು. "ಇರಲಿ, ಹೋಗುವಷ್ಟರಲ್ಲಿ ತಣಿಯುತ್ತದೆ" ಎಂದು ನಾನೇ ಹೇಳಿ ಹೂವು ಅಂಟಿಸಿ ಡಬ್ಬಿ ಮುಚ್ಚಿಸಿದೆ. ಅಲ್ಲಿ ಮುಚ್ಚಳ ತೆಗೆದಾಗ ಒಳಗೆಲ್ಲ ಬೆವರು. ಬಿಸ್ಕತ್ತು ಮೆತ್ತಗಾಗಿತ್ತು, ಹೂವಿನ ಬಣ್ಣ ಇಳಿದಿತ್ತು. ಹಣ ವಾಪಸ್ ಕೊಟ್ಟು ಬಂದೆವು. ಸಾಮಾನಿಗೆ ತೆಗೆದದ್ದು ಸಂಘದ ಆಂತರಿಕ ಸಾಲ. ಮುಂದಿನ ಸಭೆಯಲ್ಲಿ "ಈ ಸಾಲ ಯಾರು ಕಟ್ಟುವುದು?" ಎಂಬ ಮಾತು ಬಂತು. ಇಬ್ಬರು ಸಂಘವನ್ನೇ ಬಿಡುತ್ತೇವೆ ಎಂದರು. ತಪ್ಪು ನನ್ನದೆಂದು ಒಪ್ಪಿಕೊಂಡೆ. ಕೊನೆಗೆ ಎಲ್ಲರೂ ಸೇರಿ ಕಂತು ಕಟ್ಟುವುದೆಂದು ನಡಾವಳಿಯಲ್ಲಿ ಬರೆದೆವು. ಯಾರೂ ಬಿಟ್ಟು ಹೋಗಲಿಲ್ಲ.

ಅಂದಿನಿಂದ ನಮ್ಮ ನಿಯಮ ಇದು: ಬಿಸ್ಕತ್ತು ಪೂರ್ತಿ ತಣಿಯಬೇಕು. ಹೂವು ಒಂದು ರಾತ್ರಿ ಫ್ಯಾನಿನಡಿ ತೆಳ್ಳನೆ ಬಟ್ಟೆ ಮುಚ್ಚಿ ಆರಬೇಕು. ಅಂಟಿಸಲು ಸಕ್ಕರೆ ಪುಡಿಗೆ ಎರಡು ಹನಿ ಲಿಂಬೆ ರಸ ಕಲಸಿದ ಗಟ್ಟಿ ಲೇಪ ಸಾಕು. ಫ್ರಿಜ್‌ನಲ್ಲಿ ಇಡಬಾರದು, ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಐದು ದಿನ ಇಡಬಹುದು. ಮಳೆಗಾಲದಲ್ಲಿ ಮಾಡಿದ ಮರುದಿನವೇ ಕೊಟ್ಟುಬಿಡಿ.

ಲೆಕ್ಕ ಬರೆಯಿರಿ

ಇದಕ್ಕಿಂತ ದೊಡ್ಡ ಪೆಟ್ಟು ಲೆಕ್ಕದಲ್ಲಿ ಬಿದ್ದಿತ್ತು. ನಾವು ತಂದ ದರದಲ್ಲಿ 250 ಗ್ರಾಂ ತುಂಡು ಬೀಜಕ್ಕೆ 190 ರೂ., ಸಕ್ಕರೆಗೆ 8, ಗ್ಯಾಸ್ ಮತ್ತು ಬಣ್ಣಕ್ಕೆ 12, ಒಟ್ಟು 210 ರೂ. ಇದರಲ್ಲಿ ಸುಮಾರು 70 ಹೂವು. ಒಂದಕ್ಕೆ 3 ರೂ. ಬಿಸ್ಕತ್ತಿಗೆ 4 ರೂ. ಹತ್ತರ ಪೆಟ್ಟಿಗೆಗೆ 70 ಆಯಿತೆಂದು 80ಕ್ಕೆ ಮಾರಿ, 10 ರೂ. ಲಾಭವೆಂದು ಖುಷಿಪಟ್ಟೆವು.

ಆಗ ನಮ್ಮ ಸಂಘದ ಕಾರ್ಯದರ್ಶಿ ಕೇಳಿದಳು, "ನಮ್ಮ ಕೂಲಿ ಎಲ್ಲಿ ಅಕ್ಕ?" ಹೌದಲ್ಲ! 70 ಹೂವಿಗೆ ಇಬ್ಬರು ಎರಡೆರಡು ಗಂಟೆ ಕೂರುತ್ತೇವೆ. ಗಂಟೆಗೆ 50 ರೂ. ಎಂದರೂ 200 ರೂ. ಅಂದರೆ ಹೂವಿನ ನಿಜವಾದ ಬೆಲೆ 6 ರೂ. ಹತ್ತು ಹೂವಿಗೆ 60, ಬಿಸ್ಕತ್ತಿಗೆ 40, ಪೆಟ್ಟಿಗೆಗೆ 15, ಒಟ್ಟು 115. ಪ್ರತಿ ಪೆಟ್ಟಿಗೆಯಲ್ಲಿ 35 ರೂ. ನಮ್ಮ ಕೈಯಿಂದಲೇ ಹೋಗುತ್ತಿತ್ತು! ಈಗ ನಾವು 150ಕ್ಕೆ ಕೊಡುತ್ತೇವೆ. ಕೆಲವರು ಹೆಚ್ಚಾಯಿತು ಎಂದು ಹೋದರು. ಉಳಿದವರು ಮತ್ತೆ ಮತ್ತೆ ಬರುತ್ತಿದ್ದಾರೆ.

ಇನ್ನೆರಡು ಮಾತು. ಮನೆಯಲ್ಲಿ ಮಾಡಿ ಮಾರುವವರೂ 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು. ಪೆಟ್ಟಿಗೆಯ ಮೇಲೆ ಮಾಡಿದ ದಿನಾಂಕ ಹಾಕಿ, ಗೇರುಬೀಜ ಇದೆಯೆಂದು ತಪ್ಪದೆ ಬರೆಯಿರಿ. ಅದು ಕೆಲವರ ಮೈಗೆ ಆಗುವುದಿಲ್ಲ. ಬಿಸ್ಕತ್ತಿಗೆ ಮೊಟ್ಟೆ ಹಾಕಿದ್ದರೆ ಹಸಿರು ಚುಕ್ಕೆ ಹಾಕುವ ಹಾಗಿಲ್ಲ.

ಅಕ್ಕ ತಂಗಿಯರೇ, ಶಂಕರಪುರ ಮಲ್ಲಿಗೆಯ ಅಟ್ಟೆಗೆ ಇವತ್ತು ಎಷ್ಟು ದರ ಎಂದು ಕೇಳಿದರೆ ಕಟ್ಟುವ ಹೆಂಗಸರು ಥಟ್ಟನೆ ಹೇಳುತ್ತಾರೆ. ನಮ್ಮ ಕೈಯಲ್ಲಿ ಅರಳುವ ಹೂವಿಗೂ ದರ ಹೇಳಲು ನಾವು ನಾಚಬಾರದು. ಈಗ ಎಲ್ಲರೂ ಕೈ ತೊಳೆದು ಬನ್ನಿ, ಹಿಟ್ಟು ನಾದಿ ಇಟ್ಟಿದ್ದೇನೆ. ಮೊದಲ ಹತ್ತು ಕೋಸು ಇವತ್ತೇ ಆಗಿ ಹೋಗಲಿ.